ನನಗೆ ‘ಬೇಡ’ ಎಂದವರಿಗೆ

ಕಳೆದ ತಿಂಗಳು ಬಳ್ಳಾರಿಯ ಸೆಷನ್ಸ್ ನ್ಯಾಯಾಲಯ ನನ್ನನ್ನು ಖುಲಾಸೆಗೊಳಿಸಿತು. ಅಂದಿನಿಂದ ಫೋನ್ ಮಾಡಿದವರಿಗೆಲ್ಲ “ದೇವರು ದೊಡ್ಡವನು” ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಅದು ಸುಳ್ಳಲ್ಲ, ಆದರೆ ಲೆಕ್ಕ ಪೂರ್ತಿಯೂ ಅಲ್ಲ. ಎರಡು ವರ್ಷಗಳ ಋಣವನ್ನು ದೇವರೊಬ್ಬನ ಖಾತೆಗೆ ಬರೆದು ಕೈತೊಳೆದುಕೊಳ್ಳುವುದು ಗಣಿತದ ಮೇಷ್ಟ್ರಿಗೆ ಶೋಭಿಸುವುದಿಲ್ಲ.

ನನ್ನ ವಕೀಲರ ಹೆಸರನ್ನು ಬರೆಯಬೇಕೆಂದಿದ್ದೆ. ಕೇಳಿದಾಗ ಅವರು, “ವಕೀಲರು ಜಾಹೀರಾತು ಮಾಡಿಕೊಳ್ಳುವಂತಿಲ್ಲ ಮೇಷ್ಟ್ರೇ, ನಿಮ್ಮ ಕೈಯಲ್ಲಿ ಮಾಡಿಸಿಕೊಳ್ಳುವಂತೆಯೂ ಇಲ್ಲ. ಹೆಸರು ಬೇಡ” ಎಂದರು. ನಾವು ಮನೆಯವರೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತೇವೆ. ಇಲ್ಲಿಯೂ ಹಾಗೆಯೇ ಇರಲಿ.

ಏನಾಯಿತೆಂದು ಸಿರುಗುಪ್ಪದವರಿಗೆ ಗೊತ್ತು. ಉಳಿದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. 2023 ಬರದ ವರ್ಷ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ಕೊನೆಯ ಭಾಗದ ಗದ್ದೆಗಳಿಗೆ ನೀರು ತಲುಪುವುದೇ ಕಷ್ಟವಾಗಿತ್ತು. ಅಕ್ಟೋಬರ್‌ನ ಒಂದು ರಾತ್ರಿ ತೂಬಿನ ಬಳಿ ಅಣ್ಣನಿಗೂ ಪಕ್ಕದ ಗದ್ದೆಯವರಿಗೂ ಜಗಳವಾಯಿತು, ಅಣ್ಣ ಸಲಿಕೆ ಬೀಸಿದ, ಅವರ ತಲೆಗೆ ಹೊಲಿಗೆ ಬಿತ್ತು. ನಾನು ಆಗ ಪಟ್ಟಣದ ನನ್ನ ಮನೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಆದರೆ ಎಫ್‌ಐಆರ್‌ನಲ್ಲಿ ಅಣ್ಣ ಒಂದನೇ ಆರೋಪಿ, ನಾನು ಎರಡನೆಯವನು. “ತಮ್ಮ ಹಿಂದಿನಿಂದ ಹಿಡಿದುಕೊಂಡ, ಅಣ್ಣ ಹೊಡೆದ” ಎಂದು ದೂರು. ಐಪಿಸಿ 307, ಅಂದರೆ ಕೊಲೆ ಯತ್ನ, ಜೊತೆಗೆ 34. ಆ 34 ಎಂಬುದು ನೋಡಲು ಸಣ್ಣ ಅಂಕಿ. ಸಮಾನ ಉದ್ದೇಶವಿತ್ತೆಂದು ಸಾಬೀತಾದರೆ ಹಿಡಿದವನಿಗೂ ಹೊಡೆದವನಷ್ಟೇ ಶಿಕ್ಷೆ. ಗಾಯವಾಗಿದ್ದರೆ 307ರಲ್ಲಿ ಜೀವಾವಧಿಯವರೆಗೂ ಹೋಗಬಹುದು. (ಈಗ ಅದು ನ್ಯಾಯ ಸಂಹಿತೆಯ 109. ನಮ್ಮದು 2024ರ ಜುಲೈ 1ಕ್ಕೂ ಹಿಂದಿನ ಘಟನೆಯಾದ್ದರಿಂದ ಹಳೆಯ ಕಲಮಿನಡಿಯೇ ನಡೆಯಿತು.)

ಮೊದಲ ವಂದನೆ ಒಬ್ಬ ಯುವ ವಕೀಲರಿಗೆ. ಬಂಧನವಾದ ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ನನ್ನ ಪರವಾಗಿ ಯಾರೂ ಇರಲಿಲ್ಲ. ಕಾನೂನು ಸೇವಾ ಸಮಿತಿಯಿಂದ ಬಂದ ಅವರು ನನ್ನ ಕಿವಿಯ ಬಳಿ ಬಗ್ಗಿ ಕೇಳಿದ್ದು ಒಂದೇ ಮಾತು: “ಯಾವುದಾದರೂ ಕಾಗದಕ್ಕೆ ಓದದೆ ಸಹಿ ಹಾಕಿದಿರಾ?” ಹೆಂಡತಿ ಸೆರಗಿನಿಂದ ಐದುನೂರರ ನೋಟು ತೆಗೆದಳು. “ಬೇಡಮ್ಮ, ಕಸ್ಟಡಿಯಲ್ಲಿ ಇರುವವರಿಗೆ ಇದು ಪುಕ್ಕಟೆ, ಸಂಬಳ ಎಷ್ಟಿದ್ದರೂ ಸರಿ” ಎಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಹಾಗೆಯೇ ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿದರೆ ಸಾಕು ಎಂಬುದೂ ಆಮೇಲೆಯೇ.

ನಾನು 23 ದಿನ ಒಳಗಿದ್ದೆ. ಬಂಧನ 48 ಗಂಟೆ ದಾಟಿದ್ದರಿಂದ ನೌಕರಿಯಿಂದ ಅಮಾನತು ತಾನಾಗಿಯೇ ಬಂತು, ಅರ್ಧ ಸಂಬಳದ ಜೀವನಾಧಾರ ಭತ್ಯೆಯಲ್ಲಿ ಮನೆ ನಡೆಯಿತು. ಆ ದಿನಗಳಲ್ಲಿ ನನ್ನ ಹೆಂಡತಿ ಮಾಡಿದ್ದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಕೋರ್ಟಿನ ಎದುರಿನ ಹೋಟೆಲಿನಲ್ಲಿ ಒಬ್ಬ ಅವಳ ಬೆನ್ನು ಬಿದ್ದ. ಮೂರು ಲಕ್ಷ ಕೊಟ್ಟರೆ 307 ತೆಗೆಸುತ್ತೇನೆ, ಗ್ಯಾರಂಟಿ ಎಂದ. ಅಮ್ಮ ಬಳೆ ಬಿಚ್ಚಿಕೊಡಲು ಸಿದ್ಧಳಿದ್ದಳು. ಹೆಂಡತಿ ಒಪ್ಪಲಿಲ್ಲ. “ನಮ್ಮ ಮೇಷ್ಟ್ರು ಎಸ್ಸೆಸ್ಸೆಲ್ಸಿ ಮಕ್ಕಳಿಗೇ ಪಾಸಾಗುವ ಗ್ಯಾರಂಟಿ ಕೊಡುವುದಿಲ್ಲ, ಇವನು ಕೊಡುತ್ತಾನೆಂದರೆ ಏನೋ ಐಬಿದೆ” ಎಂದಳಂತೆ. ಮರುದಿನ ಸಿರುಗುಪ್ಪದಿಂದ ಮೊದಲ ಬಸ್ಸು ಹಿಡಿದು ಬಳ್ಳಾರಿಗೆ ಹೋಗಿ ಸೆಷನ್ಸ್ ಕೋರ್ಟಿನ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಳು. ಕೋರ್ಟು ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ಕೂರಬಹುದು ಎಂದು ಆ ಯುವ ವಕೀಲರೇ ಹೇಳಿದ್ದರು. ಮೂರು ದಿನ ಬುತ್ತಿ ಕಟ್ಟಿಕೊಂಡು ಹೋಗಿ ಬೇರೆಯವರ ಕೇಸುಗಳನ್ನು ಕೇಳಿದಳು. ಯಾರು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಯಾರು ಪ್ರತಿ ಸಲ ಮುಂದಿನ ದಿನಾಂಕ ಕೇಳುತ್ತಾರೆ, ಯಾರ ಕೈಯಲ್ಲಿ ಕಡತ ಓದಿ ಗುರುತು ಹಾಕಿದ ಚೀಟಿಗಳಿವೆ ಎಂದು ನೋಡಿದಳು. ಕೊನೆಗೆ, ಜೋರಾಗಿ ಗುಡುಗಿದ ದೊಡ್ಡ ವಕೀಲರನ್ನೆಲ್ಲ ಬಿಟ್ಟು, ಸಾಕ್ಷಿಗೆ ನಾಲ್ಕೇ ಪ್ರಶ್ನೆ ಕೇಳಿ “ಇಷ್ಟೇ, ಸ್ವಾಮಿ” ಎಂದು ಕುಳಿತ ಹೆಂಗಸಿನ ಹಿಂದೆ ಹೋಗಿ ಮಾತನಾಡಿಸಿದಳು. ಎಂ.ಎಸ್ಸಿ. ಓದಿದ ನಾನಾಗಿದ್ದರೆ ಗುಡುಗಿನ ಹಿಂದೆಯೇ ಹೋಗುತ್ತಿದ್ದೆ.

ಮೇಡಂ ಅವಳಿಗೆ ಮೊದಲು ಹೇಳಿದ್ದು, “ಬಿಡುಗಡೆಯಾಗುತ್ತದೆ ಎಂದು ಹೇಳಲಾರೆ. ಗೆದ್ದರೆ ಇಷ್ಟು ಎಂದು ಫೀಸು ಮಾತಾಡುವಂತೆಯೂ ಇಲ್ಲ, ನಮ್ಮ ನಿಯಮವೇ ಇದೆ.” ಜಾಮೀನಿಗೆ ಎಷ್ಟು, ವಿಚಾರಣೆಗೆ ಎಷ್ಟು, ಟೈಪಿಂಗ್ ಖರ್ಚು ಯಾವುದು ಎಂದು ಬೇರೆಬೇರೆಯಾಗಿ ಕಾಗದದಲ್ಲಿ ಬರೆದುಕೊಟ್ಟರು. ದೋಷಾರೋಪಣ ಪಟ್ಟಿಯ ಪ್ರತಿ ಆರೋಪಿಗೆ ಪುಕ್ಕಟೆಯಾಗಿ ಸಿಗುತ್ತದೆ, ಅದಕ್ಕೆ ಯಾರಿಗೂ ಹಣ ಕೊಡಬೇಡಿ ಎಂದೂ ಸೇರಿಸಿದರು.

ಜಾಮೀನಿಗೆ ತಮ್ಮ ಪಹಣಿ ಇಟ್ಟ ಸಹೋದ್ಯೋಗಿ, ನನ್ನ ಎರಡು ತರಗತಿಗಳನ್ನು ತಾವೇ ಹೊತ್ತ ಮುಖ್ಯ ಗುರುಗಳು, ನಿಮ್ಮ ಋಣ ಎಲ್ಲಿ ತೀರಿಸಲಿ.

ಹೊರಗೆ ಬಂದ ವಾರ ಮೇಡಂ ಕಚೇರಿಗೆ 14 ಪುಟಗಳ ಒಂದು ಬರಹ ಹಿಡಿದು ಹೋದೆ. ನಾನು ನಿರಪರಾಧಿ ಎಂಬುದಕ್ಕೆ ಹಂತಹಂತವಾದ ಸಾಧನೆ, ಜೊತೆಗೆ ಗದ್ದೆಯ ನಕ್ಷೆ. ಪೊಲೀಸರಿಗೂ ಒಂದು ಪ್ರತಿ ಕೊಡಬೇಕೆಂದಿದ್ದೆ. ಮೇಡಂ ಪೂರ್ತಿ ಓದಿದರು. “ಕೊಟ್ಟುಬಿಟ್ಟಿರಾ?” ಇಲ್ಲವೆಂದೆ. “ಬದುಕಿದಿರಿ. ಐದು ವರ್ಷಗಳಿಂದ ನೀರಿಗಾಗಿ ಆ ಮನೆಯವರ ಮೇಲೆ ಎಷ್ಟು ಸಿಟ್ಟಿದೆ ಎಂದು ಪುಟಗಟ್ಟಲೆ ಬರೆದಿದ್ದೀರಿ. ಕೊಲೆ ಯತ್ನಕ್ಕೆ ಉದ್ದೇಶ ತೋರಿಸಬೇಕು ಮೇಷ್ಟ್ರೇ, ಅದನ್ನು ಹುಡುಕುವ ಕಷ್ಟವನ್ನೂ ಅವರಿಗೆ ಉಳಿಸುತ್ತಿದ್ದಿರಿ. ಸಾಧಿಸಬೇಕಾದವರು ಅವರು. ನೀವು ಸುಮ್ಮನಿರಿ.”

ಸುಮ್ಮನಿರುವುದು ಎಷ್ಟು ಕಷ್ಟ! ಮನೆಯಲ್ಲಿದ್ದೆ ಎನ್ನಲು ಹೆಂಡತಿಯೇ ಸಾಕ್ಷಿ ಇದ್ದಾಳಲ್ಲ ಎಂದೆ. ಬೇರೆ ಕಡೆ ಇದ್ದೆ ಎಂದು ವಾದಿಸಿದರೆ ಅದನ್ನು ರುಜುವಾತು ಮಾಡುವ ಹೊಣೆ ನಮ್ಮ ತಲೆಗೆ ಬರುತ್ತದೆ, ಹೆಂಡತಿಯೊಬ್ಬಳ ಮಾತಿನ ಮೇಲೆ ಅದು ನಿಲ್ಲುವುದಿಲ್ಲ, ಬಿದ್ದರೆ ನಮ್ಮ ಮೇಲೆಯೇ ಬೀಳುತ್ತದೆ ಎಂದು ಬಿಡಿಸಿ ಹೇಳಿದರು. ಆಮೇಲೆ ಒಂಬತ್ತನೇ ಪುಟದ ಒಂದು ಸಾಲಿಗೆ ಗೆರೆ ಎಳೆದರು. ಕರೆಂಟ್ ಇಲ್ಲ, ಮೋಟಾರು ನಿಂತಿದೆ ಎಂದು ಅಣ್ಣ ಆ ಸಂಜೆ ಫೋನ್ ಮಾಡಿದ್ದ ಎಂಬ ಸಾಲು ಅದು. ಉಳಿದ ಹದಿಮೂರೂವರೆ ಪುಟ ಅವರ ಮೇಜಿನ ಖಾನೆಯಲ್ಲೇ ಉಳಿಯಿತು.

ಎಲ್ಲಕ್ಕಿಂತ ನೋವು ಕೊಟ್ಟ ‘ಬೇಡ’ ಅಣ್ಣನ ವಿಷಯದ್ದು. ಇಬ್ಬರ ವಕಾಲತ್ತನ್ನೂ ಅವರೇ ಹಿಡಿಯಲಿ ಎಂದು ನಾವು ಕೇಳಿಕೊಂಡೆವು. ಆಗುವುದಿಲ್ಲ ಎಂದರು. “ನಿಮಗೆ ಒಳ್ಳೆಯದು ಮಾಡುವ ಪ್ರಶ್ನೆ ಅವರಿಗೆ ಮುಳ್ಳಾಗಬಹುದು. ಇಬ್ಬರಿಗೂ ನಾನೇ ನಿಂತರೆ ಆ ಪ್ರಶ್ನೆ ಕೇಳಲು ನನಗೆ ನಾಲಿಗೆ ಏಳುವುದಿಲ್ಲ.” ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಇಬ್ಬರು ವಕೀಲರೇ ಎಂದು ಅಮ್ಮ ಎರಡು ದಿನ ಊಟ ಬಿಟ್ಟಳು. ನನಗೂ ಅಣ್ಣನನ್ನು ನಡುನೀರಿನಲ್ಲಿ ಬಿಟ್ಟಂತೆಯೇ ಅನಿಸಿತ್ತು. ಅವನಿಗೆ ಇನ್ನೂ ಜಾಮೀನು ಸಿಕ್ಕಿರಲಿಲ್ಲ. ಜೈಲಿನ ಭೇಟಿಯಲ್ಲಿ ಹೇಗೋ ಹೇಳಿದೆ. ಅವನು ಸ್ವಲ್ಪ ಹೊತ್ತು ಕೈ ನೋಡಿಕೊಂಡು, “ತಮ್ಮಾ, ನನ್ನ ಬಂಡಿಗೆ ನಿನ್ನನ್ನು ಕಟ್ಟುವುದು ಬೇಡ” ಎಂದ. ಅಷ್ಟೇ. ಅವನಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಸಿಕ್ಕರು. ಪುಕ್ಕಟೆ ವಕೀಲ ಏನು ಮಾಡಿಯಾನು ಎಂದು ಊರು ಮಾತಾಡಿತು. ಗಾಯ ಸಾದಾ ಸ್ವರೂಪದ್ದು, ಎಲುಬಿಗೆ ಏಟಿಲ್ಲ ಎಂದು ವೈದ್ಯರ ಬಾಯಿಂದಲೇ ಪಾಟೀ ಸವಾಲಿನಲ್ಲಿ ಹೇಳಿಸಿದವರು ಆ ಪುಕ್ಕಟೆ ವಕೀಲರೇ.

ಗಾಯಾಳುವಿನ ಸಾಕ್ಷ್ಯ ನಡೆದದ್ದು 2024ರ ಆಗಸ್ಟ್‌ನಲ್ಲಿ, ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಮರುವಾರ. ಕೋರ್ಟಿನ ಜಗಲಿಯಲ್ಲಿ ಆ ಕಡೆಯವರದ್ದೂ ಈ ಕಡೆಯವರದ್ದೂ ಒಂದೇ ಚಿಂತೆ: ನೀರೆಲ್ಲ ಹರಿದುಹೋದರೆ ಭತ್ತದ ಗತಿ? ಜಾಮೀನಿನ ಮೇಲಿದ್ದ ಅಣ್ಣನೂ ಅವನು ಹೊಡೆದವರೂ ಹತ್ತು ತಿಂಗಳ ಬಳಿಕ ಮೊದಲ ಸಲ ಮುಖ ನೋಡಿ, “ಸ್ಟಾಪ್‌ಲಾಗ್ ಕೂತಿತೇನು?” ಎಂದು, ಹೋದ ಗೇಟಿನ ಜಾಗಕ್ಕೆ ಇಳಿಸುವ ತಾತ್ಕಾಲಿಕ ತಡೆಯ ಬಗ್ಗೆ, ಮಾತಿಗಿಳಿದೇಬಿಟ್ಟರು. ಮೇಡಂ ದೂರದಿಂದಲೇ ಕೈಯಾಡಿಸಿದರು. ಸಾಕ್ಷಿಗಳೊಂದಿಗೆ ಮಾತನಾಡಬಾರದೆಂಬುದು ಜಾಮೀನಿನ ಷರತ್ತು. ಇಬ್ಬರೂ ಬೈಗುಳ ತಿಂದ ಹುಡುಗರಂತೆ ಬೇರೆಬೇರೆ ಕಂಬಕ್ಕೆ ಒರಗಿದರು.

ಒಳಗೆ ಮೇಡಂ ಕೇಳಿದ್ದು ಅಂದೂ ನಾಲ್ಕೇ ಪ್ರಶ್ನೆ. ಹಿಡಿದವನು ನಿಮ್ಮ ಹಿಂದಿದ್ದನೇ? ಹೌದು. ಅಲ್ಲಿ ಬೆಳಕು? ಪಂಪ್‌ಸೆಟ್ ಶೆಡ್ಡಿನ ಬಲ್ಬಿನದು. ಬೇರೆ ಬೆಳಕು? ಇಲ್ಲ. ಬಲ್ಬು ಆರಿದ್ದರೆ ಯಾರೆಂದು ತಿಳಿಯುತ್ತಿತ್ತೇ? ಅವರು ತಡವರಿಸಿದರು, ಆಮೇಲೆ “ತಿಳಿಯುತ್ತಿರಲಿಲ್ಲ” ಎಂದರು. ಅವರಿಗೂ ನನ್ನ ನಮಸ್ಕಾರ. ಸುಳ್ಳು ಹೇಳಲು ಅಲ್ಲಿ ಬೇಕಾದಷ್ಟು ಜಾಗವಿತ್ತು. ಮುಂದೆ ನ್ಯಾಯಾಲಯದ ಸಮನ್ಸ್ ಮೇರೆಗೆ ವಿದ್ಯುತ್ ಕಂಪನಿ ಜೆಸ್ಕಾಂನ ಉಪಕೇಂದ್ರದ ಲಾಗ್ ಪುಸ್ತಕ ಬಂತು. ಆ ಫೀಡರ್‌ನಲ್ಲಿ ಅಂದು ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ವಿದ್ಯುತ್ ಇರಲಿಲ್ಲ.

ನನ್ನ ಮೇಲಿನ ಆರೋಪ ನಿಲ್ಲಲಿಲ್ಲ. ಅಣ್ಣನ ಮೇಲಿನ 307 ಬಿದ್ದುಹೋಗಿ 324, ಅಂದರೆ ಆಯುಧದಿಂದ ಗಾಯ ಮಾಡಿದ್ದು, ಮಾತ್ರ ಉಳಿಯಿತು. ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆದರು, ಗಾಯಾಳುವಿಗೆ ಪರಿಹಾರ ಕಟ್ಟಲು ಹೇಳಿದರು. ಹೈಕೋರ್ಟಿನ ಧಾರವಾಡ ಪೀಠಕ್ಕೆ ಮೇಲ್ಮನವಿ ಹಾಕಬಹುದು ಎಂದು ಅವನ ವಕೀಲರು ಹೇಳಿದಾಗ, “ಹೊಡೆದದ್ದು ನಿಜ, ಕಟ್ಟುತ್ತೇನೆ” ಎಂದ. ಕಟ್ಟಿದ್ದಾನೆ.

ಕಳೆದ ವಾರ ಅವನೇ ಒಂದು ಚೀಲ ಸೋನಾ ಮಸೂರಿ ಹೊತ್ತು ಮೇಡಂ ಕಚೇರಿಗೆ ಹೋಗಿದ್ದ. ತನ್ನ ವಕೀಲರಿಗೂ ಒಂದು ಚೀಲ ಒಯ್ದಿದ್ದ, ಅವರು ಬಾಗಿಲಲ್ಲೇ ವಾಪಸು ಕಳಿಸಿದ್ದರು. ಮೇಡಂ ಕೂಡ ಬೇಡವೆಂದರು. ಅವರು ಕೋರ್ಟಿಗೆ ಹೊರಟ ಮೇಲೆ ಅಣ್ಣ ಚೀಲವನ್ನು ಗುಮಾಸ್ತರ ಮೇಜಿನ ಕೆಳಗೆ ತಳ್ಳಿ ಬಸ್ಸು ಹತ್ತಿದ. ಸಿರುಗುಪ್ಪದಲ್ಲಿ ಇಳಿಯುವುದರೊಳಗೆ ಅವನ ಮೊಬೈಲಿಗೆ ಅಕ್ಕಿಯ ಹಣ ಬಂದಿತ್ತು. ಇವತ್ತಿನ ದರ ಎಷ್ಟೆಂದು ಗುಮಾಸ್ತರು ನಮ್ಮೂರಿನ ಮಿಲ್ಲಿಗೇ ಫೋನ್ ಮಾಡಿ ಕೇಳಿದ್ದರಂತೆ.