ರಿಪೋರ್ಟು ಮನೆಗೆ ಬಂತು, ಗುಳಿಗೆ ಅಂಗಡಿಯಲ್ಲೇ ಉಳಿಯಿತು

ಸಂಪಾದಕರಿಗೆ,

ಮಾನ್ಯರೇ,

ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನ ಹತ್ತಿರ ಬಂತೆಂದರೆ ಉಚಿತ ಕೊಲೆಸ್ಟ್ರಾಲ್ ತಪಾಸಣೆಯ ಬ್ಯಾನರುಗಳು ಏಳುತ್ತವೆ. ಜುವಾರಿನಗರ, ಬೈನಾ, ಚಿಂಬಲ್, ಮಡಗಾಂವ್‌ನ ಮೋತಿ ಡೊಂಗರದಂಥ ಕಡೆ ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳದಿಂದ ದುಡಿಯಲು ಬಂದ ನಮ್ಮವರು ಸಾಲಿನಲ್ಲಿ ನಿಂತು ರಕ್ತ ಕೊಟ್ಟು, ಇಂಗ್ಲಿಷಿನ ಒಂದು ಕಾಗದ ಹಿಡಿದು ಮನೆಗೆ ಹೋಗುತ್ತಾರೆ. ಕಾಗದ ದೇವರ ಫೋಟೊದ ಹಿಂದೆ ಸೇರುತ್ತದೆ. ಮುಂದೇನೂ ಆಗುವುದಿಲ್ಲ. ಶಿಬಿರಕ್ಕೆಂದು ಕೂಡಿಸುವ ದುಡ್ಡಿನ ದೊಡ್ಡ ಪಾಲನ್ನು ಇನ್ನು ಮುಂದೆ ತಪಾಸಣೆಯ ಬದಲು ಕೊಲೆಸ್ಟ್ರಾಲ್ ಇಳಿಸುವ ಮೂರು ತಿಂಗಳ ಗುಳಿಗೆಗೆ ಹಾಕಿ ಎಂದು ಗೋವಾದ ಕನ್ನಡ ಸಂಘಗಳನ್ನು ಕೇಳಿಕೊಳ್ಳುವುದಕ್ಕೆ ಈ ಪತ್ರ.

ಕೆಲವರಿಗೆ ಗುಳಿಗೆ ಶುರು ಮಾಡಲು ಕೊಲೆಸ್ಟ್ರಾಲ್ ರಿಪೋರ್ಟಿಗೆ ಕಾಯಬೇಕಾಗಿಯೇ ಇಲ್ಲ. ಹಾರ್ಟ್ ಅಟ್ಯಾಕ್ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಮೆದುಳಿನ ರಕ್ತನಾಳ ಕಟ್ಟಿ ಲಕ್ವ ಹೊಡೆದವರು, 40 ದಾಟಿದ ಸಕ್ಕರೆ ಕಾಯಿಲೆಯವರು ಈ ಗುಂಪಿಗೆ ಸೇರುತ್ತಾರೆ. ಅಂಕಿ ಎಷ್ಟೇ ಇರಲಿ, ಇವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಎಂಬ ಜಾತಿಯ ಗುಳಿಗೆ ಬೇಕು. ‘ನಾರ್ಮಲ್’ ಎಂದು ಅಚ್ಚಾದ ರಿಪೋರ್ಟು ಇವರ ಮಟ್ಟಿಗೆ ದಾರಿ ತಪ್ಪಿಸುವ ಕಾಗದ. ಶುರು ಮಾಡುವ ಮುಂಚೆ ವೈದ್ಯರು ಲಿವರ್ ತೊಂದರೆ ಇದೆಯೇ, ಹೆಣ್ಣುಮಕ್ಕಳಾದರೆ ಬಸಿರೇ, ಮಗುವಿಗೆ ಹಾಲೂಡಿಸುತ್ತಿದ್ದಾರೆಯೇ ಎಂದು ಕೇಳಲೇಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ದೇಶದಲ್ಲೇ ಅತಿ ಹೆಚ್ಚು ಕಂಡದ್ದು ಗೋವಾದಲ್ಲಿ, ಶೇ 26.4. ಬೇರೇನೂ ಬೇಡ, ಶುಗರ್ ಗುಳಿಗೆ ತಿನ್ನುವವರ ಪಟ್ಟಿ ಹಿಡಿದು ಹೊರಟರೂ ಮೊದಲ ವರ್ಷದ ಕೆಲಸ ಸಾಕಷ್ಟಿದೆ.

ಉಳಿದವರಿಗೆ ತಪಾಸಣೆ ಬೇಕು, ನಿಜ. ಆದರೆ 12 ತಾಸು ಉಪವಾಸವಿದ್ದು ಬೆಳಿಗ್ಗೆ ಲ್ಯಾಬಿಗೆ ಬನ್ನಿ ಎಂದರೆ ಕೂಲಿಯವನಿಗೆ ಅಂದಿನ ಹಾಜರಿ ಹೋಯಿತು. ಉಪವಾಸ ಬೇಡವೇ ಬೇಡ. ಊಟ ಮಾಡಿದರೆ ಹೆಚ್ಚುಕಮ್ಮಿ ಆಗುವುದು ಮುಖ್ಯವಾಗಿ ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್. ಒಟ್ಟು ಕೊಲೆಸ್ಟ್ರಾಲ್, ‘ಒಳ್ಳೆಯ’ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಎರಡೂ ಹೆಚ್ಚು ಅಲುಗಾಡುವುದಿಲ್ಲ. ಸಂಜೆ ಕೆಲಸ ಬಿಟ್ಟು ಬಂದಾಗ ಈ ಎರಡನ್ನೇ ನೋಡಿ ಒಂದರಿಂದ ಇನ್ನೊಂದನ್ನು ಕಳೆಯಿರಿ. ಒಟ್ಟು 236, ಎಚ್‌ಡಿಎಲ್ 36 ಇದ್ದರೆ ಉಳಿದದ್ದು 200. ಅದೇ ನಾನ್-ಎಚ್‌ಡಿಎಲ್. ‘ಕೆಟ್ಟ’ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್‌ನ ಗುರಿ ಎಷ್ಟೋ ಅದಕ್ಕೆ 30 ಕೂಡಿಸಿದರೆ ಇದರ ಗುರಿ: ಅಲ್ಲಿ 100 ಆದರೆ ಇಲ್ಲಿ 130. ಟ್ರೈಗ್ಲಿಸರೈಡ್ ಕೂಡ ನೋಡಿಸಿ, ಅದು 400 ದಾಟಿದ್ದರೆ ಮಾತ್ರ ಉಪವಾಸದಲ್ಲಿ ಮತ್ತೊಮ್ಮೆ ನೋಡಬೇಕು. ಅಷ್ಟು ಏರಿದ್ದರೆ ಸಕ್ಕರೆ ಕಾಯಿಲೆ ಹಿಡಿತದಲ್ಲಿದೆಯೇ ಎಂದು ನೋಡಿ, ದಿನಾ ಸಂಜೆ ಎಷ್ಟು ಕ್ವಾರ್ಟರ್ ಎಂದೂ ಕೇಳಿ. ಇಲ್ಲಿ ಅದು ಅಗ್ಗ, ಗುಳಿಗೆಗಿಂತ ಸುಲಭವಾಗಿ ಸಿಗುತ್ತದೆ. ಲ್ಯಾಬೇ ಇಲ್ಲದ ಕಡೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಚಾರ್ಟಿನಲ್ಲಿ ವಯಸ್ಸು, ಗಂಡೋ ಹೆಣ್ಣೋ, ಬಿಪಿ, ಧೂಮಪಾನ, ಎತ್ತರ-ತೂಕ ಇಷ್ಟರಿಂದಲೇ ಹೃದಯಾಘಾತ, ಲಕ್ವದ ಅಪಾಯ ಅಳೆಯುವ ಹಾಳೆ ಇದೆ. ದಕ್ಷಿಣ ಏಷ್ಯಾಕ್ಕೆ ಪ್ರತ್ಯೇಕ ಹಾಳೆಯೇ ಉಂಟು.

ಇನ್ನು ಗುಳಿಗೆ. ಸ್ಟ್ಯಾಟಿನ್‌ಗಳಲ್ಲಿ ಒಂದಾದ ಅಟೋರ್ವಾಸ್ಟ್ಯಾಟಿನ್ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಜನೌಷಧಿ ಕೇಂದ್ರದಲ್ಲಿ ಕೊಂಡರೆ ಒಂದು ದಿನದ ಗುಳಿಗೆ ಒಂದು ಚಹಾಕ್ಕಿಂತ ಅಗ್ಗ. ಹಾಗಾದರೆ ತಿನ್ನುವುದಿಲ್ಲ ಏಕೆ? 2011ರಲ್ಲಿ ಬಂದ, ಹಲವು ದೇಶಗಳಲ್ಲಿ ನಡೆದ ಪ್ಯೂರ್ ಅಧ್ಯಯನದ ಪ್ರಕಾರ, ಹೃದಯಾಘಾತ ಅಥವಾ ಲಕ್ವ ಆದವರ ಪೈಕಿ ಶ್ರೀಮಂತ ದೇಶಗಳಲ್ಲಿ ಶೇ 66.5 ಜನ ಸ್ಟ್ಯಾಟಿನ್ ತಿನ್ನುತ್ತಿದ್ದರೆ, ಭಾರತವೂ ಸೇರಿದ್ದ ಬಡ ದೇಶಗಳ ಗುಂಪಿನಲ್ಲಿ ತಿನ್ನುತ್ತಿದ್ದವರು ಶೇ 3.3. ನಾವು ಕಂಡಂತೆ ದುಬಾರಿಯಾಗುವುದು ಗುಳಿಗೆಯಲ್ಲ, ಗುಳಿಗೆ ತರಲು ಹೋಗುವ ದಿನ. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಕ್ಕರೂ ಹದಿನೈದು ದಿನಕ್ಕೋ ತಿಂಗಳಿಗೋ ಆಗುವಷ್ಟೇ ಸಿಗುವುದು ಹೆಚ್ಚು. ಚೀಟಿ ಸಾಲು, ಡಾಕ್ಟರ್ ಸಾಲು, ಔಷಧದ ಸಾಲು ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಎರಡು ಸಲ ಹಾಜರಿ ಕಳೆದುಕೊಂಡವನು ಮೂರನೇ ಸಲ ಹೋಗುವುದಿಲ್ಲ. ಎಲ್ಲೂ ನೋವಿಲ್ಲ, ಸುಸ್ತಿಲ್ಲ, ಏಕೆ ಹೋಗಬೇಕು?

ವಿಮೆಯೂ ಇಲ್ಲಿ ಕೈಕೊಡುತ್ತದೆ. ಆಯುಷ್ಮಾನ್ ಕಾರ್ಡಿನಲ್ಲಿ ಸ್ಟೆಂಟ್ ಉಚಿತವಾದರೂ ಆಸ್ಪತ್ರೆ ಬಿಟ್ಟ ಮೇಲಿನ ಔಷಧ ಸಿಗುವುದು 15 ದಿನ ಮಾತ್ರ. ಹದಿನಾರನೇ ದಿನದಿಂದ ಕಿಸೆ ನೋಡಿಕೊಳ್ಳಬೇಕು. ಗುಳಿಗೆ ಬಿಟ್ಟ ಎರಡು-ಮೂರು ವಾರದಲ್ಲಿ ಎಲ್‌ಡಿಎಲ್ ಹಳೆಯ ಮಟ್ಟಕ್ಕೆ ಹತ್ತುತ್ತದೆ. ‘ಕೋರ್ಸ್ ಮುಗೀತು’ ಅನ್ನುವ ಮಾತು ಆ್ಯಂಟಿಬಯಾಟಿಕ್‌ಗೆ ಸರಿ, ಇದಕ್ಕಲ್ಲ.

ಡೋಸಿನಲ್ಲೂ ದಿನಗಳು ಹಾಳಾಗುತ್ತವೆ. 10 ಮಿಲಿಗ್ರಾಂ ಅಟೋರ್ವಾಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಸುಮಾರು ಶೇ 37 ಇಳಿಸುತ್ತದೆ. ಅಲ್ಲಿಂದಾಚೆ ಡೋಸ್ ದುಪ್ಪಟ್ಟಾದಾಗಲೆಲ್ಲ ಇಳಿಯುವುದು ಇನ್ನು ಶೇ 6 ಅಷ್ಟೇ. ಹೃದಯಾಘಾತ ಆದವರಿಗೆ 10ರಿಂದ ಶುರು ಮಾಡಿ, ಮುಂದಿನ ಭೇಟಿಗೆ 20, ಆಮೇಲೆ 40 ಎಂದು ಏರಿಸುವ ಕ್ರಮ ಕೇಳಲು ಚೆಂದ. ಆ ಭೇಟಿಗಳು ಇಲ್ಲಿ ನಡೆಯುವುದಿಲ್ಲ, ರೋಗಿ 10ರಲ್ಲೇ ಉಳಿದುಬಿಡುತ್ತಾನೆ. ಇವರಿಗೆ ಮೊದಲ ದಿನವೇ 40 ಅಥವಾ 80, ಬೇರೆ ತೊಂದರೆ ಇಲ್ಲದ ಸಕ್ಕರೆ ಕಾಯಿಲೆಯವರಿಗೆ 10 ಅಥವಾ 20 ಬರೆದು, ಮೂರು ತಿಂಗಳಿಗೆ ಒಮ್ಮೆ ನೋಡಿದರೆ ಸಾಕು. ಆಗಲೂ ಗುರಿ ಮುಟ್ಟದಿದ್ದರೆ ಕೊಲೆಸ್ಟ್ರಾಲಿನ ಇನ್ನೊಂದು ಬಗೆಯ ಗುಳಿಗೆಯಾದ ಎಜೆಟಿಮೈಬ್ 10 ಮಿಲಿಗ್ರಾಂ ಜೊತೆಗೂಡಿಸಿದರೆ ಇನ್ನು ಸುಮಾರು ಶೇ 20 ಇಳಿಯುತ್ತದೆ. ಅಟೋರ್ವಾಸ್ಟ್ಯಾಟಿನ್ ರಾತ್ರಿಯೇ ತಿನ್ನಬೇಕೆಂದೂ ಇಲ್ಲ. ರಾತ್ರಿ ಪಾಳಿಯವರು ಬೆಳಿಗ್ಗೆ ಬಿಪಿ ಗುಳಿಗೆಯ ಜೊತೆಗೇ ನುಂಗಲಿ, ಮರೆವು ಕಡಿಮೆ.

ಅಂಗಡಿ ಕಟ್ಟೆಯ ಮೇಲೆ ಆಗುವ ಎಡವಟ್ಟು ಬೇರೆ. ‘ಅಣ್ಣಾ, ಐದ ಗುಳಿಗಿ ಕೊಡ್ರಿ ಸಾಕು’ ಅನ್ನುತ್ತಾರೆ, ಪಗಾರ ಆಗಿರುವುದಿಲ್ಲ. ಸ್ಟ್ರಿಪ್ ಕತ್ತರಿಸಿ ಕೊಟ್ಟ ತುಂಡಿನಲ್ಲಿ ಹೆಸರಿರುತ್ತದೆ, ಎಕ್ಸ್‌ಪೈರಿ ತಾರೀಖಿರುವುದಿಲ್ಲ. ಕೆಲವೊಮ್ಮೆ ಎರಡೂ ಇರುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಜೋಡಿ ಕ್ಯಾಪ್ಸೂಲು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆ್ಯಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್, ಜೊತೆಗೆ ಅಟೋರ್ವಾಸ್ಟ್ಯಾಟಿನ್ ಮೂರನ್ನೂ ಒಂದರಲ್ಲೇ ತುಂಬಿ, ಕಂಪನಿ ಹೆಸರಿನಲ್ಲಿ ಬರೆದುಕೊಟ್ಟ ಚೀಟಿ ಹಿಡಿದು ಜನೌಷಧಿಗೆ ಹೋದರೆ ‘ಆ ಹೆಸರಿಂದು ಇಲ್ಲ’ ಎಂಬ ಉತ್ತರ ಬರುತ್ತದೆ. ಬಿಡಿ ಬಿಡಿಯಾಗಿ ಕೊಂಡವರು ಮನೆಯಲ್ಲಿ ಉಳಿದ ಹಳೆಯ ಕ್ಯಾಪ್ಸೂಲನ್ನೂ ಜೊತೆಗೆ ತಿಂದರೆ ಆ್ಯಸ್ಪಿರಿನ್ ಎರಡರಷ್ಟಾಗಿ ಹೊಟ್ಟೆಯಲ್ಲಿ ರಕ್ತ ಒಸರಬಹುದು. ಚೀಟಿಯಲ್ಲಿ ಔಷಧದ ಮೂಲ ಹೆಸರು, ಮಿಲಿಗ್ರಾಂ ಎರಡೇ ಸಾಕು. ಪಂಚಮಿಗೆ, ಜಾತ್ರೆಗೆ, ಸುಗ್ಗಿಗೆ ಊರಿಗೆ ಹೋದವರು ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತಾರಲ್ಲ, ಆಗಲೂ ಅದೇ ಚೀಟಿ ರೋಣದಲ್ಲೋ ಹುನಗುಂದದಲ್ಲೋ ನಡೆಯುತ್ತದೆ.

ಮೈಕೈ ನೋವಿನ ದೂರು ಬರುತ್ತದೆ. ಸಿಮೆಂಟ್ ಚೀಲ ಹೊರುವವನಿಗೆ ಭುಜ ನೋಯದ ದಿನ ಯಾವುದು? 2020ರಲ್ಲಿ ಪ್ರಕಟವಾದ ಲಂಡನ್ನಿನ ಸ್ಯಾಮ್ಸನ್ ಪ್ರಯೋಗದಲ್ಲಿ, ಅಡ್ಡಪರಿಣಾಮವೆಂದು ಸ್ಟ್ಯಾಟಿನ್ ಬಿಟ್ಟಿದ್ದವರಿಗೆ ಗೊತ್ತಾಗದಂತೆ ಖೊಟ್ಟಿ ಗುಳಿಗೆ ಕೊಟ್ಟಾಗಲೂ ತೊಂದರೆಯ ಶೇ 90ರಷ್ಟು ಹಾಗೇ ಕಂಡಿತು. ಹಾಗೆಂದು ತಳ್ಳಿಹಾಕುವಂತಿಲ್ಲ. ಗುಳಿಗೆ ಶುರುವಾದ ಕೆಲ ವಾರಗಳಲ್ಲಿ ಎರಡೂ ತೊಡೆ, ಎರಡೂ ಭುಜ ಒಟ್ಟಿಗೆ ಹಿಡಿದರೆ ತೋರಿಸಬೇಕು. ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗಿದರೆ ಗುಳಿಗೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ. ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬರೆದಿದ್ದರೆ ಸ್ಟ್ಯಾಟಿನ್ ತಿನ್ನುತ್ತಿರುವುದನ್ನು ವೈದ್ಯರಿಗೆ ಮೊದಲೇ ಹೇಳಿ. ಬಸಿರಾಗುವ ಯೋಚನೆ ಇರುವವರೂ ಹೇಳಬೇಕು.

ಆಹಾರದ ಮಾತು ಚಿಕ್ಕದು: ಅಗ್ಗದ ಪಾಮೆಣ್ಣೆ, ಡಾಲ್ಡಾ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಭಜಿ ಕಡಿಮೆಯಾಗಲಿ, ರೊಟ್ಟಿ, ಕಾಳುಪಲ್ಯ ಬಿಡಬೇಡಿ. ಇದರಿಂದ ಇಳಿಯುವುದು ಸ್ವಲ್ಪವೇ, ಗುಳಿಗೆಗೆ ಬದಲಿಯಲ್ಲ.

ಒಂದು ವಿಷಯದಲ್ಲಿ ಮಾತ್ರ ತಪಾಸಣೆ ಹೆಚ್ಚಬೇಕು ಅನ್ನುತ್ತೇವೆ. ಎಲ್‌ಡಿಎಲ್ 190 ದಾಟಿದವರ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ದಪ್ಪಗಾಗಿ ಗಂಟುಗಟ್ಟಿದವರ, ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರ ಮನೆಯಲ್ಲಿ ಅದು ವಂಶದಲ್ಲೇ ಹರಿದ ದೋಷವಿರಬಹುದು. ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ಇನ್ನೂ ಇದೆ. ಅಪ್ಪ-ಅಮ್ಮ ಇಬ್ಬರಲ್ಲೂ ಆ ದೋಷವಿದ್ದರೆ ನಾಲ್ಕರಲ್ಲೊಂದು ಮಗುವಿಗೆ ಎರಡೂ ಕಡೆಯಿಂದ ಇಳಿದು, ಎಲ್‌ಡಿಎಲ್ 400 ದಾಟಿ, ಮೊಣಕಾಲು-ಮೊಣಕೈ ಮೇಲೆ ಹಳದಿ ಗಂಟು ಎದ್ದು, ಹದಿಹರೆಯ ಮುಗಿಯುವ ಮುಂಚೆಯೇ ಹೃದಯ ಕೈಕೊಡಬಹುದು. ಇಂಥ ಮನೆಯ ಮಕ್ಕಳನ್ನೆಲ್ಲ ಹುಡುಕಿ ರಕ್ತ ನೋಡಬೇಕು.

ಸ್ಟ್ಯಾಟಿನ್ ಷೆಡ್ಯೂಲ್ ಎಚ್ ಔಷಧ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಸಂಘದವರು ಪುಡಿಕೆ ಕಟ್ಟಿ ಹಂಚುವಂತಿಲ್ಲ. ಭಾನುವಾರ ಸಂಜೆ ಒಬ್ಬ ವೈದ್ಯರನ್ನು ಕೂರಿಸಿ, ಮೂಲ ಹೆಸರಿನಲ್ಲಿ 90 ದಿನದ ಚೀಟಿ ಬರೆಸಿ, ಆ ಚೀಟಿಗೆ ಔಷಧ ಅಂಗಡಿಯಲ್ಲಿ ಸಂಘವೇ ದುಡ್ಡು ಕಟ್ಟಬಹುದು. ಸ್ಟ್ರಿಪ್ ಕತ್ತರಿಸದೆ, ‘ದಿನಾ ಒಂದು, ಬಿಡಬೇಡ್ರಿ, ಊರಿಗೆ ಹೋಗುವಾಗ ಚೀಲದಾಗ ಇಟಗೊಳ್ರಿ’ ಎಂದು ಕನ್ನಡದಲ್ಲಿ ಬರೆದ ಪಾಕೀಟಿನಲ್ಲಿ ಕೊಡಲಿ. ಮುಂದಿನ ತಾರೀಖು ತೊಂಬತ್ತನೇ ದಿನವಲ್ಲ, ಎಂಬತ್ತನೇ ದಿನದ್ದಿರಲಿ.

ಇತಿ,
ವಾಸ್ಕೋ, ಮಡಗಾಂವ್ ಭಾಗದ ದವಾಖಾನೆ, ಲ್ಯಾಬ್ ಹಾಗೂ ಔಷಧ ಅಂಗಡಿಗಳಲ್ಲಿ ದುಡಿಯುವ ಕೆಲವು ಕನ್ನಡಿಗರು