ಗಡಿ ಒಪ್ಪಂದದ ಕಥೆ ಮಕ್ಕಳಿಗೂ ಗೊತ್ತಾಗಲಿ

ಮಾನ್ಯ ಸಂಪಾದಕರೇ,

ಮೊನ್ನೆ ಮೊಮ್ಮಗಳು ನನ್ನ ಹಳೆಯ ನಕಾಶೆ ಹಾಸಿಕೊಂಡು ಕೂತಿದ್ದಳು. ಪಶ್ಚಿಮ ಬಂಗಾಳದ ಕೂಚ್ ಬಿಹಾರದ ಹತ್ತಿರ ಬೆರಳಿಟ್ಟು, ‘ಅಜ್ಜಾ, ಇಲ್ಲಿ ಗಡಿ ಯಾಕೆ ಇಷ್ಟು ಸೊಟ್ಟ?’ ಎಂದಳು. ಅಲ್ಲಿ ನಮ್ಮ 111 ತುಣುಕು ನೆಲ ಬಾಂಗ್ಲಾದೇಶದೊಳಗೆ, ಅವರ 51 ತುಣುಕು ನಮ್ಮೊಳಗೆ ಸಿಕ್ಕಿಕೊಂಡಿದ್ದವು. ಇವನ್ನು ಅದಲುಬದಲು ಮಾಡುವ ಒಪ್ಪಂದಕ್ಕೆ ಇಂದಿರಾ ಗಾಂಧಿ, ಬಾಂಗ್ಲಾದೇಶದ ಆಗಿನ ಪ್ರಧಾನಿ ಮುಜಿಬುರ್ ರಹಮಾನ್ 1974ರಲ್ಲೇ ಸಹಿ ಹಾಕಿದ್ದರು. ನೆಲ ಅದಲುಬದಲಾಗಿದ್ದು ಮಾತ್ರ 2015ರ ಜುಲೈ 31ರ ಮಧ್ಯರಾತ್ರಿ, ಸಂವಿಧಾನದ 100ನೇ ತಿದ್ದುಪಡಿ ಆದ ಮೇಲೆ. 41 ವರ್ಷ! ಅಲ್ಲಿಯವರೆಗೆ ಆ ತುಣುಕುಗಳ ಜನರಿಗೆ ಮತದ ಹಕ್ಕೂ ಇರಲಿಲ್ಲ. ಮಹದಾಯಿ ನೀರಿಗೆ ಕಾಯುತ್ತಿರುವ ನಮಗೆ ಕಾಯುವ ಸಂಕಟ ಗೊತ್ತು, ಅಲ್ವಾ? ನಮ್ಮ ಶಾಲೆಗಳಲ್ಲಿ ಸುಮ್ನೆ ಇಸವಿ ಬಾಯಿಪಾಠ ಮಾಡಿಸುವುದು ಬೇಡ. ನಕಾಶೆ ಬಿಚ್ಚಿ, ಆ ಜನರ ಕಥೆ ಹೇಳಿ.

– ನಿವೃತ್ತ ಶಿಕ್ಷಕ, ಧಾರವಾಡ