ಬದಲಾದದ್ದು ಯಾವ ದೃಶ್ಯದಲ್ಲಿ?

ಪ್ರೀತಿಯ ಯುವ ಮಿತ್ರರಿಗೆ,

‘ಬ್ಲೇಡ್ ರನ್ನರ್’ ಚಿತ್ರವನ್ನು ಮತ್ತೆ ಮತ್ತೆ ನೋಡಿದ ಅನುಭವದ ಬಗ್ಗೆ ನೀವು ಬರೆದ ಲೇಖನವನ್ನು ಓದಿದೆ. ಹದಿಹರೆಯದಲ್ಲಿ ಬೆರಗಾಗಿ ನೋಡಿದ್ದು, ಕಾಲೇಜಿನ ದಿನಗಳಲ್ಲಿ ಬೇಸರವಾಗಿ ಅರ್ಧಕ್ಕೇ ನಿಲ್ಲಿಸಿದ್ದು, ಈಗ ನೋಡಿ ಅದರ ಆಳ ಅರಿವಿಗೆ ಬಂದದ್ದು, ಹೀಗೆ ಮೂರು ಘಟ್ಟಗಳಲ್ಲಿ ಬರಹವನ್ನು ಕಟ್ಟಿದ್ದೀರಿ. ಭಾಷೆ ಚೆನ್ನಾಗಿದೆ. ಚಿತ್ರದ ಮೇಲಿನ ಅಕ್ಕರೆ ಪ್ರತಿ ಪುಟದಲ್ಲೂ ಕಾಣುತ್ತದೆ. ಆದರೆ ಓದಿ ಮುಗಿಸುವ ಹೊತ್ತಿಗೆ ನಿಮ್ಮ ಬಗ್ಗೆ ನನಗೆ ಬಹಳಷ್ಟು ತಿಳಿದಿತ್ತು, ಚಿತ್ರದ ಬಗ್ಗೆ ಹೆಚ್ಚೇನೂ ತಿಳಿದಿರಲಿಲ್ಲ. ಈ ಪತ್ರ ಉದ್ದವಾಗುವುದು ಆ ಕಾರಣಕ್ಕೆ.

ನಿಮ್ಮ ಅಭಿಪ್ರಾಯ ಬದಲಾಯಿತು ಎಂದರೆ ಓದುಗರು ನಂಬುತ್ತಾರೆ. ಅದರಲ್ಲಿ ಅನುಮಾನಪಡುವಂಥದ್ದೇನೂ ಇಲ್ಲ. ಅವರು ಕೇಳುವುದು ಬೇರೆ: ಯಾವ ದೃಶ್ಯದಲ್ಲಿ ಬದಲಾಯಿತು? ಆಗ ಪರದೆಯ ಮೇಲೆ ಏನು ನಡೆಯುತ್ತಿತ್ತು, ಕಿವಿಗೆ ಏನು ಕೇಳಿಸುತ್ತಿತ್ತು? ‘ಈ ಸಲ ಮನುಷ್ಯತ್ವದ ಪ್ರಶ್ನೆ ನನ್ನನ್ನು ಕಾಡಿತು’ ಎಂದು ಬರೆದಿದ್ದೀರಿ. ಇದೇ ವಾಕ್ಯವನ್ನು ಬೇರೆ ಹತ್ತು ಚಿತ್ರಗಳ ಬಗ್ಗೆಯೂ ಬರೆಯಬಹುದು. ಆದರೆ ಅದೇ ಲೇಖನದ ನಡುವೆ ಇನ್ನೊಂದು ಪ್ಯಾರಾ ಇದೆ. ಮನುಷ್ಯರಂತೆಯೇ ಕಾಣುವ ಕೃತಕ ಜೀವಿಗಳಾದ ರೆಪ್ಲಿಕಂಟ್‌ಗಳಲ್ಲಿ ಒಬ್ಬಳು ರೇಚಲ್. ಅವಳು ತನ್ನ ಬಾಲ್ಯದ ಫೋಟೊವನ್ನು, ಅಂಥವರನ್ನು ಬೇಟೆಯಾಡುವ ಡೆಕಾರ್ಡ್‌ನ ಮನೆಯಲ್ಲಿ ಬಿಟ್ಟುಹೋಗಿರುತ್ತಾಳೆ. ತಾಯಿ ಮತ್ತು ಮಗಳು ಕುಳಿತಿರುವ ಆ ಫೋಟೊವನ್ನು ಅವನು ಕೈಗೆತ್ತಿಕೊಂಡಾಗ ಅದರೊಳಗಿನ ನೆರಳು ಒಂದು ಕ್ಷಣ ಅಲುಗುತ್ತದೆ. ಮೊದಲ ಸಲ ಅದು ಕಣ್ತಪ್ಪಿತ್ತು, ಈ ಸಲ ಗಕ್ಕನೆ ನಿಲ್ಲಿಸಿ, ಹಿಂದಕ್ಕೆ ಸರಿಸಿ ಮತ್ತೆ ನೋಡಿದೆ ಎಂದಿದ್ದೀರಿ. ಕೃತಕವಾಗಿ ತುಂಬಿದ ನೆನಪಿಗೆ ಸಾಕ್ಷಿಯಾಗಿ ಇಟ್ಟ ಸುಳ್ಳು ಫೋಟೊ ಒಂದು ಕ್ಷಣ ಜೀವ ತಳೆಯುತ್ತದೆ. ನಿಮ್ಮನ್ನು ಕಾಡಿದ್ದು ಅದೇ. ಲೇಖನ ಅಲ್ಲಿಂದಲೇ ಶುರುವಾಗಲಿ. ಅದರ ಮುಂಚಿನ ಎರಡು ಪುಟ ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು ಪ್ರಶ್ನೆ. ನೀವು ಮೂರು ಸಲವೂ ನೋಡಿದ್ದು ಒಂದೇ ಚಿತ್ರವೇ? ಬೇರೆ ಚಿತ್ರದ ಬಗ್ಗೆ ಬರೆದಿದ್ದರೆ ಇದನ್ನು ಕೇಳಬೇಕಾಗಿರಲಿಲ್ಲ, ಆದರೆ ಈ ಚಿತ್ರಕ್ಕೆ ಹಲವು ಆವೃತ್ತಿಗಳಿವೆ. 1982ರ ಜೂನ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದ ಆವೃತ್ತಿಯಲ್ಲಿ ಡೆಕಾರ್ಡ್‌ನ ಹಿನ್ನೆಲೆ ನಿರೂಪಣೆ ಇದೆ. ಕೊನೆಯಲ್ಲಿ ಅವನೂ ರೇಚಲಳೂ ಮಳೆ, ಹೊಗೆ, ಕತ್ತಲು ತುಂಬಿದ ನಗರವನ್ನು ಬಿಟ್ಟು ಹಸಿರು ಬೆಟ್ಟಗಳ ನಡುವೆ ಕಾರಿನಲ್ಲಿ ಹೊರಟುಹೋಗುತ್ತಾರೆ. ಉಳಿದ ರೆಪ್ಲಿಕಂಟ್‌ಗಳಿಗಿರುವ ನಾಲ್ಕು ವರ್ಷದ ಆಯುಷ್ಯದ ಗಡುವು ಅವಳಿಗಿಲ್ಲ ಎಂದು ನಿರೂಪಣೆ ಸಮಾಧಾನ ಹೇಳುತ್ತದೆ. ಆ ಬೆಟ್ಟಗಳ ವೈಮಾನಿಕ ಚಿತ್ರಿಕೆಗಳು ಸ್ಟ್ಯಾನ್ಲಿ ಕುಬ್ರಿಕ್ ‘ದಿ ಶೈನಿಂಗ್’ಗಾಗಿ ತೆಗೆಸಿ, ಬಳಸದೆ ಉಳಿಸಿದ್ದವು. 1992ರ ಆವೃತ್ತಿಯಲ್ಲಿ ನಿರೂಪಣೆಯೂ ಇಲ್ಲ, ಆ ಸುಖಾಂತ್ಯವೂ ಇಲ್ಲ. 2007ರಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ಮತ್ತೊಮ್ಮೆ ಕೈಯಾಡಿಸಿ ಅಂತಿಮ ಆವೃತ್ತಿಯನ್ನು ಹೊರತಂದರು.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ ಒಂದು ಚಿಕ್ಕ ವಸ್ತುವನ್ನು ನೋಡಿ. ಕೊನೆಯಲ್ಲಿ ಡೆಕಾರ್ಡ್ ಮತ್ತು ರೇಚಲ್ ಮನೆಯಿಂದ ಹೊರಡುವಾಗ ಅವಳ ಕಾಲಿಗೆ ಏನೋ ತಾಗಿ ಉರುಳುತ್ತದೆ. ಡೆಕಾರ್ಡ್ ಬಗ್ಗಿ ಎತ್ತಿಕೊಳ್ಳುತ್ತಾನೆ. ಬೆಳ್ಳಿ ಬಣ್ಣದ ಕಾಗದವನ್ನು ಮಡಚಿ ಮಾಡಿದ ಪುಟ್ಟ ಯೂನಿಕಾರ್ನ್, ಹಣೆಯ ಮೇಲೆ ಒಂಟಿ ಕೊಂಬಿರುವ ಕುದುರೆ. ಪೊಲೀಸ್ ಅಧಿಕಾರಿ ಗ್ಯಾಫ್‌ನ ಕೈಚಳಕ. 1982ರ ಪ್ರೇಕ್ಷಕನಿಗೆ ಅದರ ಅರ್ಥ ಸರಳ: ಗ್ಯಾಫ್ ಇಲ್ಲಿಗೆ ಬಂದಿದ್ದ, ರೇಚಲಳನ್ನು ಕೊಲ್ಲದೆ ಬಿಟ್ಟುಹೋದ. ನಿರೂಪಣೆಯೂ ಅದನ್ನೇ ಹೇಳುತ್ತದೆ. 1992ರಲ್ಲಿ ಸ್ಕಾಟ್ ಈ ಚಿತ್ರಿಕೆಯನ್ನು ಮುಟ್ಟಲಿಲ್ಲ. ಚಿತ್ರದಲ್ಲಿ ಇದಕ್ಕಿಂತ ಬಹಳ ಮುಂಚೆ, ಪಿಯಾನೊ ಮುಂದೆ ಕುಳಿತ ಡೆಕಾರ್ಡ್‌ನ ಕನವರಿಕೆಯಲ್ಲಿ ಕಾಡಿನ ನಡುವೆ ಓಡಿಬರುವ ಯೂನಿಕಾರ್ನ್ ಒಂದನ್ನು ಕೆಲವೇ ಸೆಕೆಂಡು ಸೇರಿಸಿದರು, ಅಷ್ಟೇ. ಈಗ ಅದೇ ಕಾಗದದ ಗೊಂಬೆ ಎದೆ ಝಲ್ಲೆನಿಸುತ್ತದೆ. ಅವನ ಕನಸು ಗ್ಯಾಫ್‌ಗೆ ಹೇಗೆ ಗೊತ್ತಾಯಿತು? ಹಾಗಾದರೆ ಡೆಕಾರ್ಡ್‌ನ ತಲೆಯೊಳಗಿರುವುದೂ ಯಾರೋ ತುಂಬಿದ ನೆನಪೇ? ಡೆಕಾರ್ಡ್ ಮನುಷ್ಯನೋ ರೆಪ್ಲಿಕಂಟೋ ಎಂಬ ವಾದ ಇಂದಿಗೂ ನಿಂತಿಲ್ಲ. ಸ್ಕಾಟ್ ಮತ್ತು ನಟ ಹ್ಯಾರಿಸನ್ ಫೋರ್ಡ್ ನಡುವೆಯೇ ಇದರ ಬಗ್ಗೆ ಭಿನ್ನಾಭಿಪ್ರಾಯವಿತ್ತು.

ನೀವು ಮೊದಲು ಒಂದು ಆವೃತ್ತಿ, ಆಮೇಲೆ ಇನ್ನೊಂದು ಆವೃತ್ತಿ ನೋಡಿದ್ದರೆ ‘ನಾನು ಬೆಳೆದೆ, ಆದ್ದರಿಂದ ಅಂತ್ಯ ಆಳವಾಗಿ ಕಂಡಿತು’ ಎಂಬ ನಿಮ್ಮ ಮಾತು ನಿಲ್ಲುವುದಿಲ್ಲ. ರೆಪ್ಲಿಕಂಟ್ ಜೋರಾಳ ಸಾವು ಈ ಸಲ ಹೆಚ್ಚು ನೋಯಿಸಿತು ಎಂದಿದ್ದೀರಿ. ಹಳೆಯ ಆವೃತ್ತಿಗಳಲ್ಲಿ ಅವಳು ಗಾಜುಗಳನ್ನು ಒಡೆದುಕೊಂಡು ಓಡುವಾಗ ಸಾಹಸ ಕಲಾವಿದೆಯ ಮುಖ ಎದ್ದು ಕಾಣುತ್ತಿತ್ತು. 2007ರಲ್ಲಿ ಅಲ್ಲಿಗೆ ನಟಿ ಜೊವಾನಾ ಕ್ಯಾಸಿಡಿಯ ಮುಖವನ್ನೇ ಕೂಡಿಸಿದರು. ನಿಮ್ಮ ನೋವಿನಲ್ಲಿ ಅದರ ಪಾಲೂ ಇರಬಹುದು. ಅದನ್ನು ಒಪ್ಪಿಕೊಂಡರೆ ನಿಮ್ಮ ಅನುಭವಕ್ಕೇನೂ ಕುಂದಿಲ್ಲ. ಪ್ರತಿ ಸಲ ನೋಡಿದ ಆವೃತ್ತಿಯ ಇಸವಿಯನ್ನು ಲೇಖನದಲ್ಲಿ ಹಾಕಿ.

ಈಗ ನೀವು ಒಂದೇ ಸಾಲಿನಲ್ಲಿ ದಾಟಿಹೋದ ದೃಶ್ಯಕ್ಕೆ ಬರುತ್ತೇನೆ. ‘ಡೆಕಾರ್ಡ್ ಮತ್ತು ರೇಚಲ್ ನಡುವಿನ ಪ್ರೇಮ ದೃಶ್ಯ ಆಗ ಇಷ್ಟವಾಗಿತ್ತು, ಈಗ ಆಗುವುದಿಲ್ಲ’ ಎಂದಿದ್ದೀರಿ. ನಿಮ್ಮ ಇಡೀ ಲೇಖನ ಇರುವುದೇ ಇಲ್ಲಿ ಎಂದು ನನಗನ್ನಿಸುತ್ತದೆ.

ನಿಧಾನವಾಗಿ ನೋಡೋಣ. ಡೆಕಾರ್ಡ್‌ನನ್ನು ಕೊಲ್ಲಲಿದ್ದ ರೆಪ್ಲಿಕಂಟ್ ಲಿಯಾನ್‌ಗೆ ಗುಂಡಿಟ್ಟು ರೇಚಲ್ ಅವನ ಜೀವ ಉಳಿಸಿದ್ದಾಳೆ. ತನ್ನ ನೆನಪುಗಳು, ರೆಪ್ಲಿಕಂಟ್‌ಗಳನ್ನು ತಯಾರಿಸುವ ಸಂಸ್ಥೆಯ ಒಡೆಯ ಟೈರೆಲ್‌ನ ಒಡಹುಟ್ಟಿದವರ ಮಗಳಿಂದ ಎರವಲು ಬಂದವು ಎಂದು ಅವಳಿಗೆ ತಿಳಿದಿದೆ. ಅವನ ಮನೆಯಲ್ಲಿ ಪಿಯಾನೊ ಮುಂದೆ ಕುಳಿತು, ಬಿಗಿಯಾಗಿ ಕಟ್ಟಿದ ಕೂದಲನ್ನು ಬಿಚ್ಚುತ್ತಾಳೆ. ಪಾಠ ಕಲಿತ ನೆನಪಿದೆ, ಆದರೆ ಕಲಿತವಳು ತಾನೋ ಆ ಹುಡುಗಿಯೋ ತಿಳಿಯದು ಎನ್ನುತ್ತಾಳೆ. ಚೆನ್ನಾಗಿ ನುಡಿಸುತ್ತೀ ಎನ್ನುತ್ತಾನೆ ಅವನು. ಅಲ್ಲಿಯವರೆಗೆ ಇಡೀ ಚಿತ್ರದಲ್ಲೇ ಅತಿ ಮೃದುವಾದ ಘಳಿಗೆ ಅದು. ಅವನು ಮುತ್ತಿಡಲು ಹೋದಾಗ ಅವಳು ಎದ್ದು ಬಾಗಿಲಿನತ್ತ ಓಡುತ್ತಾಳೆ. ಅವನು ಹಿಂದೆಯೇ ಬಂದು ತೆರೆದ ಬಾಗಿಲನ್ನು ಗುದ್ದಿ ಮುಚ್ಚುತ್ತಾನೆ. ಅವಳನ್ನು ಹಿಡಿದು ಕಿಟಕಿಯ ಪರದೆಪಟ್ಟಿಗಳಿಗೆ ದೂಡುತ್ತಾನೆ. ತನ್ನನ್ನು ಬಯಸುತ್ತೇನೆಂದು ಹೇಳು ಎಂದು ಆಜ್ಞೆ ಮಾಡುತ್ತಾನೆ. ಅವಳು ಆ ಮಾತನ್ನು ಹಾಗೇ ಒಪ್ಪಿಸುತ್ತಾಳೆ.

ನೆನಪೇ ತನ್ನದಲ್ಲವೆಂದು ತಿಳಿದು ಕುಸಿದವಳ ಬಾಯಿಗೆ ಆಸೆಯ ಮಾತನ್ನೂ ಬೇರೊಬ್ಬನೇ ಇಡುತ್ತಾನೆ. ಇಡುವವನು ಅವಳಂಥವರನ್ನು ಬೇಟೆಯಾಡುವ ಉದ್ಯೋಗದವನು. ಇಷ್ಟನ್ನು ಕಂಡ ಮೇಲೆ ಈ ದೃಶ್ಯವನ್ನು ಹಳೆಯ ಕಣ್ಣಿನಿಂದ ನೋಡಲಾಗದು. ಆದರೂ ಮುಂದೆ ನೋಡಿ: ಕೊನೆಗೆ ಅವಳು ಅವನು ಹೇಳಿಕೊಡದ ಒಂದು ಮಾತನ್ನು ತಾನಾಗಿ ಆಡುತ್ತಾಳೆ. ಆ ಮಾತು ಅವಳದ್ದೇ? ಹೆದರಿಕೆಯದ್ದೇ? ವಾಂಗೆಲಿಸ್ ಅವರ ಸಂಗೀತ ತನ್ನ ತೀರ್ಪನ್ನು ಆಗಲೇ ಕೊಟ್ಟಾಗಿದೆ. ಸ್ಯಾಕ್ಸೋಫೋನ್ ಇದನ್ನು ಪ್ರೇಮವೆಂದೇ ನುಡಿಸುತ್ತದೆ. ಈ ದೃಶ್ಯವನ್ನು ಒಮ್ಮೆ ಧ್ವನಿ ಮುಚ್ಚಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಹದಿಹರೆಯದಲ್ಲಿ ನಿಮಗೆ ಕೇಳಿಸಿದ್ದು ಯಾವುದು, ಈಗ ಕಾಣುತ್ತಿರುವುದು ಯಾವುದು ಎಂಬುದು ಬೇರೆ ಬೇರೆಯಾಗಿ ಸಿಕ್ಕುತ್ತದೆ. ಆಗ ‘ಇಷ್ಟವಾಗಿತ್ತು, ಈಗ ಇಲ್ಲ’ ಎಂಬ ಒಂದು ಸಾಲು ತಾನಾಗಿಯೇ ಎರಡು ಪುಟವಾಗುತ್ತದೆ.

ಆ ಹದಿಹರೆಯದ ಪ್ರೇಕ್ಷಕನನ್ನು ಲೇಖನದಲ್ಲಿ ನೀವು ‘ಅಪ್ರಬುದ್ಧ’ ಎಂದು ಕರೆದಿದ್ದೀರಿ. ದಯವಿಟ್ಟು ಆ ಪದವನ್ನು ತೆಗೆದುಹಾಕಿ. ಬೆಂಕಿ ಉಗುಳುವ ಕೊಳವೆಗಳ ಮೇಲೆ ಕ್ಯಾಮೆರಾ ತೇಲಿ ಬರುವುದನ್ನು, ಒಂದು ಕಣ್ಣು ಪರದೆ ತುಂಬಾ ಅರಳಿ ಅದರಲ್ಲಿ ನಗರದ ಬೆಂಕಿ ಪ್ರತಿಫಲಿಸುವುದನ್ನು ಬಾಯಿ ತೆರೆದು ನೋಡಿದವರು ಚಿತ್ರವನ್ನು ಸರಿಯಾಗಿಯೇ ನೋಡಿದ್ದಾರೆ. ಆ ಬೆರಗಿಗಾಗಿಯೇ ವಿನ್ಯಾಸಕಾರ ಸಿಡ್ ಮೀಡ್, ದೃಶ್ಯಪರಿಣಾಮದ ಡಗ್ಲಸ್ ಟ್ರಂಬುಲ್ ಅಷ್ಟು ದುಡಿದರು. ಮುಂದಿನ ಪ್ರತಿಕ್ರಿಯೆಗಳೆಲ್ಲ ನಿಂತಿರುವುದು ಅದರ ಮೇಲೆಯೇ. ಅದನ್ನು ಆ ವಯಸ್ಸಿನ ಮಾತಿನಲ್ಲೇ ಬರೆಯಿರಿ, ಈಗಿನ ತಿಳಿವಳಿಕೆಯಿಂದ ತಿದ್ದಬೇಡಿ.

ನಡುವಿನ ಬೇಸರಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು. ಅಭಿಮಾನಿಗಳು ಸಾಮಾನ್ಯವಾಗಿ ಅದನ್ನು ಮುಚ್ಚಿಡುತ್ತಾರೆ. ಡೆಕಾರ್ಡ್ ಯಂತ್ರಕ್ಕೆ ಆಜ್ಞೆ ಕೊಡುತ್ತಾ ಒಂದು ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡುವ ದೃಶ್ಯ ಬೇಕಾದಷ್ಟು ಉದ್ದವಿದೆ. ಪತ್ತೇದಾರಿ ಕಥೆಯೆಂದು ನೋಡಿದರೆ ಅವನು ಪತ್ತೆಮಾಡುವುದು ಕಡಿಮೆ, ಪೆಟ್ಟು ತಿನ್ನುವುದು ಹೆಚ್ಚು. ಕಾಲೇಜಿನ ದಿನಗಳ ನೀವು ಅದನ್ನು ಗಮನಿಸಿದ್ದೀರಿ. ಆ ದೂರು ಇವತ್ತಿಗೂ ಸುಳ್ಳಾಗಿಲ್ಲ. ಮೂರನೇ ಸಲದ ನೀವು ಎರಡನೇ ಸಲದ ನಿಮ್ಮನ್ನು ಗೆದ್ದಂತೆ ಬರೆಯಬೇಕಾಗಿಲ್ಲ, ಇಬ್ಬರೂ ಒಂದೇ ಪುಟದಲ್ಲಿ ಜಗಳವಾಡಲಿ.

ನನ್ನ ಕಣ್ಣೂ ಈ ಚಿತ್ರದಲ್ಲಿ ಒಂದೇ ಕಡೆ ನಿಂತಿಲ್ಲ. ಒಂದು ಕಾಲಕ್ಕೆ ನಗರವನ್ನಷ್ಟೇ ನೋಡುತ್ತಿದ್ದೆ, ಆಮೇಲೆ ರಟ್ಗರ್ ಹೌವರ್ ಅಭಿನಯದ, ರೆಪ್ಲಿಕಂಟ್‌ಗಳ ನಾಯಕ ರಾಯ್‌ನನ್ನು ನೋಡಿದೆ. ಈಚೆಗೆ ಸೆಬಾಸ್ಟಿಯನ್‌ನನ್ನು ನೋಡುತ್ತೇನೆ. ಇಪ್ಪತ್ತೈದು ವರ್ಷ ವಯಸ್ಸು, ಬೇಗನೆ ಮುಪ್ಪು ತರುವ ಕಾಯಿಲೆ, ಪಾಳುಬಿದ್ದ ಕಟ್ಟಡದಲ್ಲಿ ತಾನೇ ಮಾಡಿಕೊಂಡ ಗೊಂಬೆ ಗೆಳೆಯರ ಜೊತೆ ಒಂಟಿ ಬದುಕು. ಆಯುಷ್ಯ ಸಾಲದೆ ಒದ್ದಾಡುವ ರೆಪ್ಲಿಕಂಟ್‌ಗಳಿಗೆ ಆ ಊರಿನಲ್ಲಿ ಅವನಷ್ಟು ಹತ್ತಿರದವನು ಇನ್ನೊಬ್ಬನಿಲ್ಲ. ಅವನನ್ನೇ ರಾಯ್ ಕೊಲ್ಲುತ್ತಾನೆ. ಚಿತ್ರ ಆ ಕೊಲೆಯನ್ನು ತೋರಿಸುವುದೇ ಇಲ್ಲ. ಆಮೇಲೆ ಡೆಕಾರ್ಡ್‌ಗೆ ಬರುವ ಪೊಲೀಸ್ ಕರೆಯಲ್ಲಿ ಅದು ಒಂದು ಸುದ್ದಿ, ಅಷ್ಟೇ. ಟೈರೆಲ್‌ನ ಸಾವನ್ನು ಕಣ್ಣು ಮುಚ್ಚಿಕೊಳ್ಳುವಷ್ಟು ಹತ್ತಿರದಿಂದ ತೋರಿಸಿದ ನಿರ್ದೇಶಕ ಇದನ್ನು ಯಾಕೆ ಮರೆಯಲ್ಲಿಟ್ಟರು? ಕಂಡಿದ್ದರೆ, ಸ್ವಲ್ಪ ಹೊತ್ತಿನ ನಂತರ ಮಳೆಯಲ್ಲಿ ರಾಯ್ ಸಾಯುವಾಗ ನಮ್ಮ ಗಂಟಲು ಕಟ್ಟುತ್ತಿರಲಿಲ್ಲ ಎಂಬುದು ನನ್ನ ಉತ್ತರ. ರಾಯ್‌ಗಾಗಿ ಮರುಗುವ ನಮ್ಮಲ್ಲಿ ಎಷ್ಟೋ ಜನರಿಗೆ ಆ ಹೊತ್ತಿನಲ್ಲಿ ಸೆಬಾಸ್ಟಿಯನ್ ನೆನಪಿಗೇ ಬರುವುದಿಲ್ಲ. ಮೊದಲ ನೋಟದಲ್ಲಿ ಚಿತ್ರ ನಮ್ಮ ಕೈಹಿಡಿದು ಕರೆದುಕೊಂಡು ಹೋಗುತ್ತದೆ. ಯಾವ ದಾರಿಯನ್ನು ತಪ್ಪಿಸಿ ಕರೆದೊಯ್ಯಿತು ಎಂಬುದು ಮತ್ತೆ ನೋಡಿದಾಗಲೇ ತಿಳಿಯುವುದು.

ಕಾಲವೂ ಈ ಚಿತ್ರವನ್ನು ತಿದ್ದಿದೆ. ಕಥೆ ನಡೆಯುವುದು 2019ರ ನವೆಂಬರ್‌ನ ಲಾಸ್ ಏಂಜಲೀಸ್‌ನಲ್ಲಿ. ಅದು ಈಗ ನಮಗೆ ಹಿಂದಿನ ಮಾತು. ಹಾರುವ ಕಾರುಗಳ ಆ ಊರಿನಲ್ಲಿ ಡೆಕಾರ್ಡ್ ಬಾರ್‌ನ ಗೋಡೆಯಲ್ಲಿರುವ ವಿಡಿಯೊ ಫೋನಿನಿಂದ ರೇಚಲ್‌ಗೆ ಕರೆ ಮಾಡುತ್ತಾನೆ, ಜೇಬಿನಲ್ಲಿ ಮೊಬೈಲ್ ಇಲ್ಲ. 1991ರಲ್ಲಿ ಮುಚ್ಚಿಹೋದ ಪ್ಯಾನ್ ಆಮ್ ವಿಮಾನ ಸಂಸ್ಥೆಯ ಫಲಕ ಅಲ್ಲಿ ಇನ್ನೂ ಬೆಳಗುತ್ತಿದೆ. ರಾಯ್ ಸಾಯುವ ವರ್ಷವಾದ 2019ರಲ್ಲೇ, ಜುಲೈನಲ್ಲಿ, ಹೌವರ್ ಕೂಡ ತೀರಿಕೊಂಡರು. ನೀವು ಇದನ್ನೆಲ್ಲ ದೊಡ್ಡದಾಗಿ ಬರೆದಿದ್ದೀರಿ. ನನಗೆ ಒಂದು ಪ್ಯಾರಾ ಸಾಕೆನಿಸುತ್ತದೆ. ಭವಿಷ್ಯ ನಿಜವಾಯಿತೇ ಇಲ್ಲವೇ ಎಂಬ ಲೆಕ್ಕಾಚಾರವನ್ನು ಚಿತ್ರ ನೋಡದವರೂ ಮಾಡಬಲ್ಲರು.

ಕೊನೆಯದಾಗಿ, ನಿಮ್ಮ ಮುಕ್ತಾಯದ ಪ್ಯಾರಾ. ರಾಯ್‌ನ ಅಂತಿಮ ಮಾತುಗಳು ನಿಮಗೆ ಬಾಯಿಪಾಠವಾಗಿವೆ. ಚಿತ್ರಕಥೆಯಲ್ಲಿ ಆ ಮಾತು ಇನ್ನೂ ಉದ್ದವಿತ್ತು. ಹೌವರ್ ಅದನ್ನು ಕತ್ತರಿಸಿ, ಮಳೆಯಲ್ಲಿ ಕಣ್ಣೀರಿನಂತೆ ಕ್ಷಣಗಳು ಕಳೆದುಹೋಗುವ ಆ ಸಾಲನ್ನು ತಾವೇ ಸೇರಿಸಿದರು. ಅವನು ತಲೆ ಬಾಗಿಸುತ್ತಾನೆ, ಕೈಯಲ್ಲಿದ್ದ ಪಾರಿವಾಳ ಹಾರುತ್ತದೆ, ಡೆಕಾರ್ಡ್ ಮಾತಿಲ್ಲದೆ ನೋಡುತ್ತಾ ಕುಳಿತಿರುತ್ತಾನೆ. 1982ರ ಆವೃತ್ತಿಯಲ್ಲಿ ಇದೇ ಹೊತ್ತಿಗೆ ನಿರೂಪಣೆ ಬಾಯಿ ತೆರೆಯುತ್ತದೆ: ರಾಯ್ ತನ್ನನ್ನು ಏಕೆ ಉಳಿಸಿದ, ಕೊನೆಗಳಿಗೆಯಲ್ಲಿ ಜೀವವೆಂದರೆ ಅವನಿಗೆ ಎಷ್ಟು ಪ್ರಿಯವಾಗಿತ್ತು ಎಂದೆಲ್ಲ ಡೆಕಾರ್ಡ್ ವಿವರಿಸುತ್ತಾನೆ. 1992ರ ಆವೃತ್ತಿಯಲ್ಲಿ ಆ ಜಾಗದಲ್ಲಿರುವುದು ಮಳೆ ಮತ್ತು ಫೋರ್ಡ್ ಅವರ ಮುಖ. ಎರಡನ್ನೂ ಒಂದರ ಹಿಂದೆ ಒಂದು ನೋಡಿ, ಆಮೇಲೆ ‘ಒಟ್ಟಿನಲ್ಲಿ ಈ ಚಿತ್ರ ನನಗೆ ಕಲಿಸಿದ್ದೇನೆಂದರೆ’ ಎಂದು ಶುರುವಾಗುವ ನಿಮ್ಮ ಪ್ಯಾರಾವನ್ನು ಓದಿ. ಅದನ್ನು ಇಟ್ಟುಕೊಳ್ಳುವುದೋ ಬಿಡುವುದೋ ನಿಮ್ಮ ನಿರ್ಧಾರ. ನನ್ನ ಮಟ್ಟಿಗೆ ಅದಕ್ಕಿಂತ ಹಿಂದಿನ ವಾಕ್ಯದಲ್ಲಿ ಲೇಖನ ಮುಗಿದಿದೆ.

ಮುಂದಿನ ಸಲ ನೋಡುವಾಗ ಪಕ್ಕದಲ್ಲೊಂದು ಟಿಪ್ಪಣಿ ಪುಸ್ತಕ ಇರಲಿ. ಚಿತ್ರ ಮುಗಿದ ಕೂಡಲೇ, ಬೇರೆಯವರ ವಿಮರ್ಶೆ ಓದುವ ಮೊದಲೇ ಬರೆದಿಡಿ. ಮಾರನೆಯ ದಿನಕ್ಕೆ ನೆನಪು ತನಗೆ ಬೇಕಾದಂತೆ ಕಥೆ ಕಟ್ಟಿಬಿಟ್ಟಿರುತ್ತದೆ. ಎರಡನೇ ಕರಡು ಸಿದ್ಧವಾದಾಗ ಕಳುಹಿಸಿ, ಅವಸರವೇನಿಲ್ಲ. ಪಿಯಾನೊ ದೃಶ್ಯದ ಬಗ್ಗೆ ನನ್ನ ಓದನ್ನು ನೀವು ಒಪ್ಪದಿದ್ದರೆ ಆ ಭಾಗವನ್ನೇ ಮೊದಲು ಕಳುಹಿಸಿ.

ಪ್ರೀತಿಯಿಂದ,
ನಿಮ್ಮ ಹಿರಿಯ ಮಿತ್ರ